ಎರಡು ದಿನ ಬೆವರಬಾರದು

"ಎರಡು ದಿನ ತಲೆಗೆ ನೀರು ಹಾಕ್ಬೇಡಿ, ಬುಡಕ್ಕೆ ಎಣ್ಣೆ ಮುಟ್ಟಿಸ್ಬೇಡಿ, ಮುಖ್ಯವಾಗಿ ಬೆವರ್ಬೇಡಿ" ಎಂದು ಬ್ಯೂಟಿ ಪಾರ್ಲರಿನಾಕೆ ಹೇಳಿದಾಗ ಕಡತದಮ್ಮ ಕನ್ನಡಿಯಲ್ಲಿ ತನ್ನ ಹೊಸ ಜಡೆ ನೋಡಿಕೊಳ್ಳುವ ಸಂಭ್ರಮದಲ್ಲಿದ್ದಳು. ಮೂರಕ್ಕೂ ಸೇರಿಸಿ ಒಂದೇ ಹೂಂ ಅಂದುಬಿಟ್ಟಳು. ಮೊದಲಿನ ಎರಡು ನಮ್ಮ ಕೈಯಲ್ಲಿರುವ ಕೆಲಸ. ಮೂರನೆಯದು ಆ ಊರಿನಲ್ಲಿ ಹುಟ್ಟಿದ ಯಾವ ಪ್ರಾಣಿಗೂ ಸಾಧ್ಯವಿಲ್ಲ ಎಂಬುದು ಮೆಟ್ಟಿಲಿಳಿದು ಬೀದಿಗೆ ಕಾಲಿಟ್ಟ ಮೇಲೆ ಹೊಳೆಯಿತು.

ಅಂಥ ಊರು ಅದು. ಸಮುದ್ರ ಹತ್ತಿರ, ಗಾಳಿ ಮಾತ್ರ ದೂರ. ಸ್ನಾನ ಮಾಡಿ ಒರೆಸಿಕೊಂಡರೆ ಟವೆಲಿಗೆ ಹತ್ತಿದ್ದು ನೀರೋ ಬೆವರೋ ಎಂದು ಹೇಳಲಾಗದು. ಬೀರುವಿನೊಳಗಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಲ್ಲಿ ಹೋಗಿ ಹೋಗಿ "ಬೆವರಬೇಡಿ" ಎನ್ನುವುದೆಂದರೆ ಮೀನಿಗೆ "ಒದ್ದೆಯಾಗಬೇಡ" ಅಂದಂತೆ.

ಕಡತದಮ್ಮ ಹಾಲಿನ ಕಾರ್ಖಾನೆಯ ರೆಕಾರ್ಡ್ ರೂಮಿನ ಗುಮಾಸ್ತೆ. ಒಂಬತ್ತು ವರ್ಷದಿಂದ ತಗಡಿನ ಚಾವಣಿಯ ಕೆಳಗೆ ಹಳೆಯ ಕಡತಗಳ ನಡುವೆ ಕೂತು ಕೂತು ಅವಳ ಹೆಸರೇ ಹಾಗಾಗಿತ್ತು. ಅಲ್ಲೊಂದು ಫ್ಯಾನು ಇದೆ. ಸದ್ದು ಮಾಡುತ್ತದೆ, ಗಾಳಿ ಬೀಸುವುದು ತನ್ನ ಕೆಲಸವಲ್ಲ ಅಂದುಕೊಂಡಿದೆ. ವರ್ಷದಲ್ಲಿ ಎಂಟು ತಿಂಗಳು ಅವಳ ಬೆನ್ನ ತುಂಬ ಬೆವರುಸಾಲೆ. ಕಳೆದ ಬೇಸಿಗೆಯಲ್ಲಿ ಎರಡು ಸಲ ತಲೆಸುತ್ತಿ ಬಿದ್ದಿದ್ದಳು. ಹೀಗಿರುವಾಗ ಕಾರ್ಖಾನೆಯ ಮುಂಭಾಗದಲ್ಲಿ ಗಾಜಿನ ಸ್ವಾಗತ ಕೊಠಡಿ ಎದ್ದಿತು, ಅದಕ್ಕೆ ಎ.ಸಿ. ಬಂತು, ಒಂದೇ ಒಂದು ಕುರ್ಚಿಯೂ ಬಂತು. ಆ ಕುರ್ಚಿ ಸಿಗದಿದ್ದರೆ ಇನ್ನೊಂದು ಬೇಸಿಗೆ ದಾಟಲಾರೆ ಎಂದು ಅವಳಿಗೆ ಖಂಡಿತವಾಗಿ ಅನ್ನಿಸಿಬಿಟ್ಟಿತ್ತು.

ಅಡ್ಡ ಬಂದದ್ದು ಮುಖ್ಯ ಕಚೇರಿಯ ಸುತ್ತೋಲೆ. "ಸ್ವಾಗತ ಕೌಂಟರಿಗೆ ಆಯ್ಕೆಯಾಗುವವರು ಹಸನ್ಮುಖಿಗಳೂ, ಮಿತಭಾಷಿಗಳೂ, ಸಮೃದ್ಧವಾದ ಹಾಗೂ ಓರಣವಾದ ಕೇಶರಾಶಿಯುಳ್ಳವರೂ ಆಗಿರತಕ್ಕದ್ದು." ಬರೆದ ಪುಣ್ಯಾತ್ಮನಿಗೆ ಕೂದಲಿನ ಮೇಲೆ ಏನು ಮೋಹವೋ! ಕಡತದಮ್ಮನ ನಗುವಿಗೆ ಕೊರತೆಯಿರಲಿಲ್ಲ, ಮಾತೂ ಕಡಿಮೆಯೇ. ಜಡೆ ಮಾತ್ರ ಇಲಿಬಾಲ. ಆಯ್ಕೆ ನಾಳೆ ಸಂಜೆ ನಾಲ್ಕಕ್ಕೆ ಅಂದಾಗ ಅವಳು ನೆಟ್ಟಗೆ ಪಾರ್ಲರಿಗೆ ಓಡಿದಳು.

ಪಾರ್ಲರಿನಾಕೆ ಮೂರು ಬಗೆ ತೋರಿಸಿದಳು. "ಇದು ಪ್ಲಾಸ್ಟಿಕ್ ಕೂದಲು. ನೋಡೋಕೆ ರೇಷ್ಮೆ, ನಮ್ಮ ಸೆಕೆಗೆ ವಾರದಲ್ಲಿ ತೆಂಗಿನ ನಾರಾಗ್ತದೆ. ಇದು ಅಸಲಿ ಕೂದಲು, ಕ್ಲಿಪ್ಪಿಂದು. ಬೆಳಗ್ಗೆ ಹಾಕ್ಕೊಂಡು ರಾತ್ರಿ ತೆಗೀಬಹುದು." ಕೆಳಗಿನ ಕಪಾಟಿನ ಕಡತಕ್ಕೆ ಬಗ್ಗಿದಾಗ ಜಡೆ ಕಳಚಿ ಕಡತದೊಳಗೆ ಸೇರಿಕೊಂಡರೆ ಗತಿಯೇನೆಂದು ಕಡತದಮ್ಮ ಅದನ್ನು ಬೇಡವೆಂದಳು. "ಹಾಗಾದ್ರೆ ಟೇಪಿಂದು ತಗೊಳ್ಳಿ. ಇದೂ ಅಸಲಿಯೇ. ನಿಮ್ಮ ಕೂದಲನ್ನ ನಡುವೆ ಹಿಡಿದು ಮೇಲಿಂದೊಂದು ಕೆಳಗಿಂದೊಂದು ಪಟ್ಟಿ ಅಂಟಿಸ್ತೀವಿ. ಎರಡು ದಿನ ಅಂಟು ಸರಿಯಾಗಿ ಒಣಗಿದ್ರೆ ಎರಡು ತಿಂಗಳು ಅಲ್ಲಾಡಲ್ಲ." ಕಡತದಮ್ಮನ ಕಿವಿಗೆ ಬಿದ್ದದ್ದು ಎರಡು ತಿಂಗಳು ಮಾತ್ರ.

ರಾತ್ರಿಯೆಲ್ಲ ಫ್ಯಾನಿನ ಕೆಳಗೆ ಗೋಡೆಗೊರಗಿ ಕೂತೇ ನಿದ್ದೆ ಮಾಡಿದಳು. ಬೆಳಗ್ಗೆ ಏಳಕ್ಕೆ ಸರಿಯಾಗಿ ಕರೆಂಟು ಹೋಯಿತು.

"ರೀ, ಓಡಿ ಬನ್ನಿ! ಗಾಳಿ ಹಾಕ್ರೀ!"

ಗಂಡ ಕೈಯಲ್ಲಿದ್ದ ಪೇಪರಿನಿಂದಲೇ ಬೀಸತೊಡಗಿದ. ಪಾಪ, ಬೀಸುತ್ತಲೇ ಓದುವುದು ಹೇಗೆಂದು ಅವನ ಪ್ರಯತ್ನ. ಒಳ್ಳೆಯ ಸುದ್ದಿ ಬಂದಾಗೆಲ್ಲ ಕೈ ನಿಲ್ಲುತ್ತಿತ್ತು. ಬಾಗಿಲಲ್ಲಿ ನಿಂತ ಅತ್ತೆ ಇದನ್ನು ನೋಡಿ ಗಲ್ಲಕ್ಕೆ ಕೈ ಹಚ್ಚಿದರು.

"ನಮ್ಮ ಕಾಲದಲ್ಲಿ ನಮ್ಮ ಕೂದಲು ಬಾಚೋಕೇ ಪುರುಸೊತ್ತು ಇರ್ತಿರಲಿಲ್ಲ. ಈಗ ನೋಡು, ಯಾರದ್ದೋ ಕೂದಲಿಗೆ ನನ್ನ ಮಗ ಗಾಳಿ ಹಾಕ್ತಾ ಕೂತಿದ್ದಾನೆ."

"ಅತ್ತೆ, ಇವತ್ತೊಂದು ದಿನ. ಆ ಕುರ್ಚಿ ಸಿಕ್ಕಿದ್ರೆ ಸಾಕು."

"ಕುರ್ಚಿ ಮೇಲೆ ತಲೆ ಇಟ್ಕೊಂಡು ಕೂತ್ಕೊಳ್ತೀಯಾ? ಕೂದಲು ಯಾಕೆ ಬೇಕು ಅದಕ್ಕೆ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಸುತ್ತೋಲೆ ಬರೆದವರು ಅತ್ತೆಯನ್ನು ಕೇಳಿ ಬರೆದಿರಲಿಲ್ಲ.

ಅಷ್ಟರಲ್ಲಿ ಕೆಳಗಿನ ಮನೆಯ ಟೈಲರಮ್ಮ ಬಂದಳು. ಆಕೆ ಯಾವತ್ತೂ ಕೊರಳಿಗೆ ಅಳತೆಯ ಪಟ್ಟಿ ಹಾಕಿಕೊಂಡೇ ಇರುವವಳು. ಬಂದವಳೇ ಒಂದು ಮಾತಿಲ್ಲದೆ ಜಡೆಯನ್ನು ಅಳೆದು, "ಇಪ್ಪತ್ತೂವರೆ ಇಂಚು" ಎಂದು ಘೋಷಿಸಿ, ತುದಿ ಹಿಡಿದು ಜಗ್ಗಿದಳು.

"ಅಯ್ಯೋ, ಎಳೀಬೇಡ್ರೀ!"

"ಹೊಲಿಗೆ ಗಟ್ಟಿ ಇದೆಯಾ ನೋಡ್ದೆ. ಏನು, ಅಂಟಿಸಿದ್ದಾ? ಛೆ! ನನ್ನ ಹತ್ರ ಬಂದಿದ್ರೆ ಒಂದು ಮೆಷಿನ್ ಹೊಲಿಗೆ ಹಾಕ್ಕೊಡ್ತಿದ್ನಲ್ಲ."

ತಲೆಯ ಮೇಲೆ ಮೆಷಿನ್ ಓಡುವುದನ್ನು ನೆನೆದೇ ಕಡತದಮ್ಮನಿಗೆ ಬೆವರು ಬರುವ ಹಾಗಾಯಿತು. ಟೈಲರಮ್ಮ ಅದಕ್ಕೂ ಮದ್ದು ಹೇಳಿದಳು. ಬುಡಕ್ಕೆ ಪೌಡರು ಹಾಕಿದರೆ ಬೆವರನ್ನು ಪೌಡರೇ ಕುಡಿಯುತ್ತದೆ, ಅಂಟಿಗೆ ತಲುಪುವುದೇ ಇಲ್ಲ. ಹೇಳಿ ಸುಮ್ಮನಾಗದೆ ಡಬ್ಬಿ ತಂದು ಧಾರಾಳವಾಗಿ ಉದುರಿಸಿದಳು. ಗಂಡ ಅದೇ ಹೊತ್ತಿಗೆ ಜೋರಾಗಿ ಬೀಸಿದ. ಪೌಡರಿನ ಮೋಡ ಇಳಿದ ಮೇಲೆ ನೋಡಿದರೆ ಕಡತದಮ್ಮ ಹಿಟ್ಟಿನ ಗಿರಣಿಯಿಂದ ಆಗಷ್ಟೇ ಹೊರಬಂದವಳಂತೆ ಕಾಣುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುವ ಹಾಗಿರಲಿಲ್ಲ. ಕೊಡವಿಕೊಂಡಷ್ಟು ಕೊಡವಿಕೊಂಡು ಹೊರಟಳು.

ಬಸ್ ಸ್ಟಾಪಿಗೆ ಐದು ನಿಮಿಷದ ದಾರಿ. ಅವಳು ಕೊಡೆ ಹಿಡಿದು, ಗಾಜಿನ ಮೇಲೆ ಕಾಲಿಡುವವಳ ಹಾಗೆ ಹದಿನೈದು ನಿಮಿಷ ನಡೆದಳು. ಬಸ್ಸು ಕಣ್ಣೆದುರು ಬಂದು ನಿಂತಿತು.

"ಬೇಗ ಬೇಗ ಹತ್ತಮ್ಮಾ!" ಎಂದು ಕಂಡಕ್ಟರು ಕೂಗಿದ.

"ಬೇಗ ಹತ್ತಿದ್ರೆ ಬೆವರ್ತೀನಪ್ಪಾ."

ಕಂಡಕ್ಟರು ಅವಳ ಬಿಳಿ ತಲೆಯನ್ನು ನೋಡಿ ಏನೋ ಕಾಯಿಲೆಯೆಂದುಕೊಂಡು, ಕಿಟಕಿ ಪಕ್ಕದಲ್ಲಿದ್ದ ಗಂಡಸನ್ನು ಎಬ್ಬಿಸಿ ಜಾಗ ಕೊಡಿಸಿದ. ಆ ದಿನ ಅವಳಿಗೆ ಸುಲಭವಾಗಿ ಸಿಕ್ಕ ಸೀಟು ಅದೊಂದೇ.

ಕಾರ್ಖಾನೆಯ ಬಾಗಿಲಲ್ಲೇ ಟೈಪಿಸ್ಟ್ ಸಿಕ್ಕಳು. ಸ್ವಾಗತದ ಕುರ್ಚಿಗೆ ಅರ್ಜಿ ಹಾಕಿದ್ದವರು ಇಬ್ಬರೇ: ಕಡತದಮ್ಮ ಮತ್ತು ಈ ಟೈಪಿಸ್ಟ್. ಈಕೆಗೆ ದೇವರು ಕೊಟ್ಟ ಕೂದಲೇ ಎರಡು ತಲೆಗಾಗುವಷ್ಟಿತ್ತು.

"ಅಕ್ಕಾ! ನಿನ್ನೆ ಐದು ಗಂಟೆಗೆ ಮನೆಗೆ ಹೋಗುವಾಗ ಇಷ್ಟಿತ್ತು" ಎಂದು ಕಿರುಬೆರಳು ತೋರಿಸಿ, "ಇವತ್ತು ಸೊಂಟಕ್ಕೆ ಬಂದಿದೆ. ಯಾವ ಗೊಬ್ಬರ ಹಾಕಿದ್ರಿ?" ಎಂದಳು.

"ಮನೇಲಿ ಕಾಯಿಸಿದ ಎಣ್ಣೆ."

"ಬಿಳಿ ಬಿಳಿ ಉದುರ್ತಿದೆಯಲ್ಲಾ, ಅದೂ ಎಣ್ಣೇನಾ?"

ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯವಳು ಅನ್ನಬಹುದಿತ್ತು. ಹತ್ತೂವರೆಗೆ ಹೊಗೆಯಾಡುವ ಕಾಫಿ ತಂದುಕೊಟ್ಟು ಬಿಸಿ ಆರುವ ಮುಂಚೆ ಕುಡಿಯಬೇಕೆಂದು ಅಕ್ಕರೆಯಿಂದ ಹಟ ಹಿಡಿದಳು. ಹನ್ನೊಂದಕ್ಕೆ ಮತ್ತೆ ಬಂದು, ಹತ್ತು ವರ್ಷ ಹಿಂದಿನ ಲಾರಿ ರಿಪೇರಿಯ ಕಡತ ಮ್ಯಾನೇಜರಿಗೆ ತುರ್ತಾಗಿ ಬೇಕಂತೆ ಅಂದಳು. ಆ ಲಾರಿ ಗುಜರಿಗೆ ಹೋಗಿಯೇ ಎಂಟು ವರ್ಷವಾಗಿತ್ತು. ಕಡತವಿದ್ದದ್ದು ತಗಡಿಗೆ ತಾಗಿದ ಅಟ್ಟದ ಮೇಲೆ. ಏಣಿ ಹತ್ತಿ ಇಳಿಯುವಷ್ಟರಲ್ಲಿ ಕಡತದಮ್ಮನ ಬಲಗಿವಿಯ ಮೇಲೆ ಏನೋ ಮೆಲ್ಲಗೆ ಜಾರಿತು. ಮುಟ್ಟಿ ನೋಡಿದರೆ ಒಂದು ಪಟ್ಟಿ ಅರ್ಧ ಬಿಟ್ಟುಕೊಂಡು ನೇತಾಡುತ್ತಿತ್ತು.

ಕೂಡಲೇ ಪಾರ್ಲರಿಗೆ ಫೋನ್ ಮಾಡಿದಳು.

"ಬೆವರಿದ್ರಾ?" ಎಂದಿತು ಆ ಕಡೆಯ ದನಿ, ಶಾಲೆಯ ಹೆಡ್ಮಿಸ್ಸಿನ ಹಾಗೆ.

"ಸ್ವಲ್ಪವೇ ಸ್ವಲ್ಪ."

"ಪೌಡರ್ ಗೀಡರ್ ಹಾಕಿಲ್ಲ ತಾನೇ?"

ಕಡತದಮ್ಮ ಹೆಗಲ ಮೇಲಿನ ಬಿಳಿ ಪುಡಿಯನ್ನು ಕೊಡವಿಕೊಂಡಳು.

"ನೋಡಿ, ಆ ಪಟ್ಟೀನ ಒತ್ತಿ ಹಿಡ್ಕೊಂಡು ತಕ್ಷಣ ಎಲ್ಲಾದ್ರೂ ತಣ್ಣಗಿರೋ ಜಾಗಕ್ಕೆ ಹೋಗಿ. ಸಂಜೆ ತನಕ ಅಲ್ಲಿಂದ ಏಳ್ಬೇಡಿ."

ತಣ್ಣಗಿರುವ ಜಾಗ! ಗಾಜಿನ ಕೊಠಡಿಗೆ ಬೀಗ. ಮ್ಯಾನೇಜರ ಕೋಣೆಯ ಎ.ಸಿ. ಕೆಟ್ಟು ತಿಂಗಳಾಗಿತ್ತು. ಆಗ ಅವಳಿಗೆ ಕಾರ್ಖಾನೆಯ ಹಿಂಬದಿಯ ಕೋಲ್ಡ್ ರೂಮು ನೆನಪಾಯಿತು. ಪ್ಯಾಕೆಟ್ ಮಾಡಿದ ಹಾಲನ್ನು ಲಾರಿ ಬರುವ ತನಕ ಇಡುವ ದೊಡ್ಡ ಕೋಣೆ ಅದು. ಒಳಗೆ ಹೋದವರ ಬಾಯಿಂದ ಹೊಗೆ ಬರುತ್ತದೆ. ಇಷ್ಟು ಹೊತ್ತು ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡು, ಕಂಕುಳಲ್ಲಿ ನಾಲ್ಕು ಕಡತ ಹಿಡಿದುಕೊಂಡು ಹೊರಟಳು.

ಅಲ್ಲಿನ ಉಸ್ತುವಾರಿ ಸ್ವೆಟರ್ ಮಾವನದು. ಊರೆಲ್ಲ ಬನಿಯನ್ನಿನಲ್ಲಿ ಕೂತು ಏದುಸಿರು ಬಿಡುವಾಗ ಸ್ವೆಟರು, ಮಫ್ಲರು, ಉಣ್ಣೆಯ ಟೋಪಿ ಹಾಕಿಕೊಂಡು ಓಡಾಡುವ ಮನುಷ್ಯ ಅವರೊಬ್ಬರೇ. ಮಂಡಿ ನೋವಿನಿಂದ ಕುಂಟುತ್ತಿದ್ದರು, ಮೂಗು ಸದಾ ಸೋರುತ್ತಿತ್ತು.

"ಮಾವಾ, ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಲಾ?"

ಸ್ವೆಟರ್ ಮಾವ ತಮ್ಮ ಕಿವಿಯನ್ನೇ ನಂಬಲಿಲ್ಲ. ಮಫ್ಲರು ಸರಿಸಿ, "ಇಲ್ಲಿ? ನೀನಾಗೇ?" ಎಂದರು.

"ಹೂಂ ಮಾವ. ಸೆಕೆ ತಡ್ಯೋಕಾಗ್ತಿಲ್ಲ."

"ಬಾಮ್ಮಾ, ಬಾ! ನಿನ್ನ ಮನೆ ಅಂತ ತಿಳ್ಕೋ!" ಮಾವ ಸ್ಟೂಲನ್ನು ತಮ್ಮ ತೋಳಿನಿಂದ ಒರೆಸಿ ಕೊಟ್ಟರು. "ಹತ್ತು ನಿಮಿಷಕ್ಕಿಂತ ಹೆಚ್ಚು ಇರೋದಾದ್ರೆ ರಿಜಿಸ್ಟರಿನಲ್ಲಿ ಒಂದು ರುಜು ಹಾಕ್ಬೇಕು ನೋಡು, ಅದೊಂದು ಕಾನೂನು."

ಅವಳು ರುಜು ಹಾಕಿ ಕೂತಳು. ಆಹಾ! ಒಂಬತ್ತು ವರ್ಷದ ಬೆವರುಸಾಲೆ ಒಮ್ಮೆಲೇ ನಿಟ್ಟುಸಿರು ಬಿಟ್ಟಂತಾಯಿತು. ಕಿವಿಯ ಮೇಲಿನ ಪಟ್ಟಿಯನ್ನು ಒತ್ತಿ ಹಿಡಿದಳು. ಅಂಟು ಗಟ್ಟಿಯಾಗಿ ಕಚ್ಚಿಕೊಂಡಿತು. ಸುಖಕ್ಕೆ ಅವಳ ಕಣ್ಣಲ್ಲಿ ನೀರು ಬಂತು.

ಅರ್ಧ ಗಂಟೆ ಕಳೆದ ಮೇಲೆ ಮಾವ ಇಣುಕಿದರು. "ಚಳಿ ಆಗ್ತಿಲ್ವೇನಮ್ಮಾ?"

"ಇಲ್ಲ ಮಾವ, ಸ್ವರ್ಗ."

"ಕೆಮ್ಮು? ಶೀತ?"

"ಏನೂ ಇಲ್ಲ."

ಮಾವ ರಿಜಿಸ್ಟರಿನಲ್ಲಿ ಏನೋ ಬರೆದುಕೊಂಡರು. "ಹಾಗಾದ್ರೆ ನಾನು ಹೊರಗೆ ಹೋಗಿ ಸ್ವಲ್ಪ ಮೈ ಕಾಯಿಸ್ಕೊಂಡು ಬರ್ತೀನಿ. ಗಾಡಿ ಬಂದ್ರೆ ಕ್ರೇಟು ಎಣಿಸಿ ಕಳಿಸ್ತೀಯಾ?" ಎಂದು ಹೋದವರು ಎರಡು ಗಂಟೆ ಪತ್ತೆಯಿಲ್ಲ. ಆ ಹೊತ್ತಿನಲ್ಲಿ ಮೂರು ಗಾಡಿ ಬಂದವು. ಕಡತದಮ್ಮ ಮೂರಕ್ಕೂ ಕ್ರೇಟು ಎಣಿಸಿ, ಒಂದೂ ತಪ್ಪಿಲ್ಲದೆ ರುಜು ಹಾಕಿ ಕಳಿಸಿದಳು. ಮಾವ ಇಷ್ಟು ಒಳ್ಳೆಯವರೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ ಅಂದುಕೊಂಡಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮ್ಯಾನೇಜರಿಂದ ಕರೆ ಬಂತು. ಕಡತದಮ್ಮ ಎದ್ದು ಜಡೆ ಮುಟ್ಟಿ ನೋಡಿಕೊಂಡಳು. ಒಂದೆಳೆಯೂ ಅಲ್ಲಾಡಲಿಲ್ಲ. ಮೈಯಲ್ಲಿ ಒಂದು ಹನಿ ಬೆವರಿಲ್ಲ. ಗೆದ್ದೆ ಅಂದುಕೊಂಡು ದಪ್ಪ ಬಾಗಿಲು ತಳ್ಳಿ ಹೊರಗೆ ಬಂದಳು.

ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟರೆ ಏನಾಗುತ್ತದೆ ಎಂಬುದು ಹಾಲಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದವಳಿಗೆ ಗೊತ್ತಿರಬೇಕಿತ್ತು. ಮೊದಲು ಕನ್ನಡಕಕ್ಕೆ ಮಂಜು ಕವಿಯಿತು. ಕುರುಡಿಯಂತೆ ಗೋಡೆ ಹಿಡಿದು ನಡೆಯುವಾಗ ಹಣೆಯ ಮೇಲೆ ಒಂದು ತಣ್ಣನೆಯ ಹನಿ ಬಿತ್ತು, ಆಮೇಲೆ ಕುತ್ತಿಗೆಯ ಮೇಲೆ ಇನ್ನೊಂದು. ಅವಳು ಬೆವರಲಿಲ್ಲ, ನಿಜ. ಕೂದಲೇ ಬೆವರತೊಡಗಿತ್ತು. ಹೊಸ ಜಡೆಯ ಒಂದೊಂದು ಎಳೆಯಲ್ಲೂ ನೀರು ಕೂತು ಬುಡಕ್ಕೆ ಇಳಿಯಿತು. ಬುಡದಲ್ಲಿ ಬೆಳಗಿನ ಪೌಡರು ಕಾದು ಕುಳಿತಿತ್ತು. ನೀರು ಸೇರಿದ್ದೇ ಗಂಜಿಯಾಯಿತು. ಮ್ಯಾನೇಜರ ಬಾಗಿಲು ಮುಟ್ಟುವಷ್ಟರಲ್ಲಿ ಒಂದು ಪಟ್ಟಿ ಹೆಗಲ ಮೇಲೆ ಬಂದು ಕೂತಿತು. ಅದನ್ನು ಸೆರಗಿನೊಳಗೆ ತುರುಕಿಕೊಂಡಳು.

ಒಳಗೆ ಟೈಪಿಸ್ಟ್ ಆಗಲೇ ನಗುತ್ತಾ ಕೂತಿದ್ದಳು.

"ಕೂತ್ಕೊಳ್ಳಿ" ಎಂದರು ಮ್ಯಾನೇಜರು. "ಸ್ವಾಗತದ ಕೆಲಸ ನಿಮಗೆ ಯಾಕೆ ಬೇಕು?"

"ನಮಸ್ಕಾರ ಸರ್" ಎಂದು ಕಡತದಮ್ಮ ವಿನಯದಿಂದ ತಲೆ ಬಾಗಿಸಿದಳು. ಅದೇ ತಪ್ಪಾಯಿತು. ಎರಡನೆಯ ಪಟ್ಟಿ ಪಚಕ್ಕೆಂದು ಮೇಜಿನ ಮೇಲೆ ಬಿದ್ದು ಸುರುಳಿ ಸುತ್ತಿಕೊಂಡಿತು.

"ಹಾವು!" ಎಂದು ಟೈಪಿಸ್ಟ್ ಕಿರುಚಿದಳು. ಮ್ಯಾನೇಜರು ಎರಡೂ ಕಾಲನ್ನು ಕುರ್ಚಿಯ ಮೇಲೆಳೆದುಕೊಂಡು, ಕೈಗೆ ಸಿಕ್ಕ ಸುತ್ತೋಲೆಯ ಕಡತದಿಂದಲೇ ನಾಲ್ಕು ಬಡಿದರು. ಹಾವು ಸಾಯಲಿಲ್ಲ, ಕಡತಕ್ಕೆ ಅಂಟಿಕೊಂಡಿತು.

ಕಡತದಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಯಿಬಿಡಲಿಲ್ಲವಾದ್ದರಿಂದ ತಾನೇ ಬಾಯಿಬಿಟ್ಟಳು.

"ಕೂದಲು ಸರ್. ನಂದಲ್ಲ, ಅಂಟಿಸಿದ್ದು. ಸುಳ್ಳು ಯಾಕೆ ಹೇಳ್ಲಿ? ನನಗೆ ಸ್ವಾಗತವೂ ಬೇಡ, ಗಾಜಿನ ರೂಮೂ ಬೇಡ. ಸೆಕೆ ತಡೆಯೋಕಾಗಲ್ಲ ಸರ್. ಒಂಬತ್ತು ವರ್ಷ ಆ ತಗಡಿನ ಕೆಳಗೆ ಬೆಂದಿದ್ದೀನಿ. ನನಗೊಂದು ತಣ್ಣಗಿರೋ ಜಾಗ ಕೊಡಿ, ಸಾಕು." ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು. ಬಿಕ್ಕಿದ ರಭಸಕ್ಕೆ ಇನ್ನೂ ಮೂರು ಪಟ್ಟಿ ಉದುರಿದವು.

ಮ್ಯಾನೇಜರು ಮೆಲ್ಲಗೆ ಕಾಲು ಕೆಳಗಿಳಿಸಿದರು. ಅವರ ಮುಖ ಮೆತ್ತಗಾಗಿತ್ತು. "ಹನ್ನೊಂದೂವರೆಯಿಂದ ಸೀಟಲ್ಲಿ ಇರಲಿಲ್ಲವಂತೆ. ಎಲ್ಲಿದ್ರಿ?"

"ಕೋಲ್ಡ್ ರೂಮಲ್ಲಿ ಸರ್."

"ಎಷ್ಟು ಹೊತ್ತು?"

"ನಾಲ್ಕೂವರೆ ಗಂಟೆ ಸರ್, ಕಾಲು ಗಂಟೆ ಆಚೀಚೆ" ಎಂದು ಬಾಗಿಲಿಂದ ದನಿ ಬಂತು. ಸ್ವೆಟರ್ ಮಾವ ರಿಜಿಸ್ಟರನ್ನು ಎದೆಗವಚಿಕೊಂಡು ನಿಂತಿದ್ದರು. "ಸ್ವೆಟರಿಲ್ಲ, ಮಫ್ಲರಿಲ್ಲ. ಒಂದು ಸೀನೂ ಇಲ್ಲ ಸರ್! ಮೂರು ಗಾಡಿ ಕಳಿಸಿದ್ದಾಳೆ. ಎಲ್ಲಾ ಇದರಲ್ಲಿದೆ, ಅವಳದೇ ರುಜು."

ಮ್ಯಾನೇಜರು ಪುಟ ತಿರುವಿದರು, ಕಳೆದುಹೋದ ಮಗು ಸಿಕ್ಕಿದವರಂತೆ ನಕ್ಕರು. "ಇವರು ಏಳು ವರ್ಷದಿಂದ ವರ್ಗಾವಣೆ ಕೇಳ್ತಿದ್ದಾರಮ್ಮ. ಬದಲಿ ಜನ ಸಿಕ್ಕಿದ ದಿನ ಬಿಡ್ತೀನಿ ಅಂದಿದ್ದೆ. ಕಳಿಸಿದವರೆಲ್ಲ ಅರ್ಧ ಗಂಟೆಗೇ ಕೆಮ್ತಾ ಓಡಿಬಂದ್ರು. ನಿಮಗೆ ಬೇಕಾದದ್ದು ತಣ್ಣಗಿರೋ ಜಾಗ ತಾನೇ? ಈ ಊರಲ್ಲಿ ಅದಕ್ಕಿಂತ ತಣ್ಣಗಿರೋ ಜಾಗ ಇನ್ನೊಂದಿಲ್ಲ. ನಾಳೆಯಿಂದ ಕೋಲ್ಡ್ ರೂಮು ನಿಮ್ಮದು."

"ಸರ್, ಅಷ್ಟೊಂದು ತಣ್ಣಗೆ ಅಲ್ಲ..."

"ರೆಕಾರ್ಡ್ ರೂಮಿಗೂ ಬೇರೆ ಜನ ಇಲ್ಲ. ಬೆಳಗ್ಗೆ ಅಲ್ಲಿ, ಮಧ್ಯಾಹ್ನ ಕೋಲ್ಡ್ ರೂಮಲ್ಲಿ. ಎರಡೂ ಹದವಾಗ್ತದೆ. ಇನ್ನೊಂದು ಮಾತು, ಕೋಲ್ಡ್ ರೂಮಲ್ಲಿ ಕೂದಲು ಕಾಣೋ ಹಾಗಿಲ್ಲ. ಟೋಪಿ ಕಡ್ಡಾಯ. ಇವತ್ತಿಗೆ ಕ್ಷಮಿಸಿದ್ದೀನಿ."

ಟೈಪಿಸ್ಟ್ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದಳು. "ಹಾಗಾದ್ರೆ ಸ್ವಾಗತಕ್ಕೆ ನಾನೇ ಅಲ್ವಾ ಸರ್?"

"ನೀವು ಹೋದ್ರೆ ಟೈಪ್ ಮಾಡೋರು ಯಾರು? ಈಗ ಕುರ್ಚಿ ಇಲ್ಲದೆ ನಿಂತಿರೋರು ಇವರೊಬ್ಬರೇ" ಎಂದು ಮ್ಯಾನೇಜರು ಸ್ವೆಟರ್ ಮಾವನತ್ತ ಕೈ ತೋರಿಸಿದರು. ಆದೇಶವನ್ನು ಟೈಪಿಸ್ಟೇ ಟೈಪ್ ಮಾಡಬೇಕಾಯಿತು. ಅಕ್ಷರಕ್ಕೊಂದು ಏಟು ಬೀಳುವ ಸದ್ದು ಕಾರಿಡಾರಿನ ತುದಿಯವರೆಗೂ ಕೇಳುತ್ತಿತ್ತು.

ಕಡತದಮ್ಮ ಆದೇಶದ ಪ್ರತಿಯನ್ನೂ ಬಿದ್ದ ಐದು ಪಟ್ಟಿಗಳನ್ನೂ ಹಿಡಿದುಕೊಂಡು ಕಾರಿಡಾರಿನ ಬೆಂಚಿನಲ್ಲಿ ಕುಸಿದಳು. ತಲೆಯ ಮೇಲೆ ಉಳಿದದ್ದು ಒಂದೇ ಪಟ್ಟಿ. ಸ್ವೆಟರ್ ಮಾವ ಬಂದು ಸ್ವೆಟರು ಕಳಚಿ ಅವಳ ಮಡಿಲಿಗಿಟ್ಟರು, ಅದರ ಮೇಲೆ ಮಫ್ಲರು, ಅದರ ಮೇಲೆ ಟೋಪಿ. ಟೋಪಿ ತೆಗೆದ ಅವರ ತಲೆಯನ್ನು ಅವಳು ಮೊದಲ ಸಲ ನೋಡಿದಳು. ಕಿವಿಯ ಪಕ್ಕ ನಾಲ್ಕು ಕೂದಲು ಬಿಟ್ಟರೆ ಉಳಿದದ್ದೆಲ್ಲ ತೊಳೆದಿಟ್ಟ ಹಾಲಿನ ಕ್ಯಾನಿನಂತೆ ಹೊಳೆಯುತ್ತಿತ್ತು.

"ದೊಡ್ಡ ಉಪಕಾರ ಮಾಡ್ದೆಯಮ್ಮಾ" ಎಂದರು ಮಾವ. ಹೋಗದೆ ಅಲ್ಲೇ ನಿಂತರು. ಅವರ ಕಣ್ಣು ಅವಳ ಕೈಯಲ್ಲಿದ್ದ ಪಟ್ಟಿಗಳ ಮೇಲಿತ್ತು. "ಇನ್ನೊಂದು ಚಿಕ್ಕ ಸಹಾಯ. ಕುರ್ಚಿ ಕೊಟ್ಟದ್ದೇನೋ ಕೊಟ್ರು. ಸುತ್ತೋಲೆ ಪ್ರಕಾರ ಕೂದಲಿಲ್ಲದೆ ಕೂರೋ ಹಾಗಿಲ್ವಂತೆ. ನಾಳೆ ಬೆಳಗ್ಗೆಯೊಳಗೆ ಏನಾದ್ರೂ ಮಾಡ್ಕೊಂಡು ಬನ್ನಿ ಅಂದ್ರು ಮ್ಯಾನೇಜರು. ನಿನ್ನದು ಹೇಗೂ ಟೋಪಿ ಒಳಗೆ..."

"ಮಾವಾ! ನಾಲ್ಕು ಕೂದಲಿಗೆ ಇದು ಎಲ್ಲಿ ನಿಲ್ತದೆ?"

"ನಿಲ್ತದಮ್ಮಾ" ಎಂದು ಮಾವ ನಂಬಿಕೆಯಿಂದ ಕೈ ಚಾಚಿದರು. "ಅಲ್ಲಿ ಎ.ಸಿ. ಇದೆಯಲ್ಲ."

ಕೊಡುವುದೋ ಬೈಯುವುದೋ ಎಂದು ಕಡತದಮ್ಮ ಇನ್ನೂ ಯೋಚಿಸುತ್ತಿದ್ದಳು. ಅಷ್ಟರಲ್ಲಿ ತಲೆಯ ಮೇಲೆ ಉಳಿದಿದ್ದ ಒಂದೇ ಒಂದು ಪಟ್ಟಿ ತಾನಾಗಿಯೇ ಜಾರಿ ಮಾವನ ಅಂಗೈ ಮೇಲೆ ಬಿತ್ತು.